ಮನೆಗೆ ತಂದ ಮೇಲೆ ಸಪ್ಪೆಯಾದ ಎಲೆಕ್ಟ್ರಿಕ್ ಗಿಟಾರ್: ಐದಕ್ಕೆ ಎರಡು

ಒಂದು ಅಂಕ ನೆಕ್‌ಗೆ, ಅಂದ್ರೆ ಬೆರಳೊತ್ತುವ ಉದ್ದ ಹಿಡಿಗೆ. ಇನ್ನೊಂದು ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳ ತುದಿ ಹಿಡಿಯೋ ಭಾಗ) ಪಕ್ಕದ ಹಂಬಕರ್ ಪಿಕಪ್‌ಗೆ (ತಂತಿಯ ಕಂಪನ ಹಿಡಿಯೋ, ಎರಡು ಸುರುಳಿಯ ಭಾಗ). ಉಳಿದದ್ದಕ್ಕೆ ಕೊಡೋಕೆ ಮನಸ್ಸೇ ಬರುತ್ತಿಲ್ಲ. ಕಂಪನಿ ಹೆಸರು ಹಾಕುತ್ತಿಲ್ಲ. ಹಾಕಿದರೂ ಜಾಸ್ತಿ ಪ್ರಯೋಜನ ಇಲ್ಲ, ಯಾಕಂದ್ರೆ ಇದೇ ಅಚ್ಚಿನ ಗಿಟಾರ್ ಬೇರೆ ಬೇರೆ ಹೆಸರಿನಲ್ಲಿ ಎಲ್ಲಾ ಕಡೆ ಸಿಗುತ್ತದೆ. ಹೊಳೆಯೋ ಕಪ್ಪು ಬಾಡಿ, ಚೂಪು ಕೊಂಬು, 24 ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ), ಲಾಕ್ ಆಗುವ ತೇಲುವ ಬ್ರಿಡ್ಜ್, ಇಷ್ಟೆಲ್ಲಾ ಇದ್ದೂ ಕಲಿಯುವವರ ಕೈಗೆಟುಕುವ ಬೆಲೆ. ಇಂಥದ್ದರ ಮೇಲೆ ಕಣ್ಣಿಟ್ಟಿದ್ದರೆ ಮುಂದೆ ಓದಿ.

ಅಂಗಡಿಯಲ್ಲಿ ಇದು ಗುಡುಗಿತು. ಸುಳ್ಳು ಹೇಳಲ್ಲ, ನಿಜವಾಗಿಯೂ ಗುಡುಗಿತು. ಅಲ್ಲಿದ್ದ ಹುಡುಗ ಹನ್ನೆರಡು ಇಂಚಿನ ನಾಲ್ಕು ಸ್ಪೀಕರ್ ಇರೋ ದೊಡ್ಡ ವಾಲ್ವ್ ಆಂಪ್‌ಗೆ ಕೇಬಲ್ ಚುಚ್ಚಿ, ಗೇನ್ (ಸದ್ದನ್ನು ಒರಟು ಮಾಡೋ ಗುಬುಟು) ಏರಿಸಿ, ದಪ್ಪ ತಂತಿಗಳ ಮೇಲೆ ಒಂದು ಪವರ್ ಕಾರ್ಡ್ (ಎರಡು ಮೂರು ತಂತಿ ಒಟ್ಟಿಗೆ ನುಡಿಸೋ ಸ್ವರಗುಚ್ಛ) ಹೊಡೆದ. ಎದೆಗೇ ಬಡಿಯಿತು. ಆಮೇಲೆ ಬ್ರಿಡ್ಜ್‌ಗೆ ಸಿಕ್ಕಿಸಿದ ವ್ಯಾಮಿ ಬಾರ್ ಅನ್ನೋ ಸರಳನ್ನು ಒತ್ತಿ ಸ್ವರವನ್ನು ಪಾತಾಳಕ್ಕೆ ಇಳಿಸಿ ಮತ್ತೆ ಮೇಲೆ ತಂದ. ಅಷ್ಟು ಕೇಳಿದ ಮೇಲೆ ಬೇಡ ಅನ್ನೋಕೆ ಯಾರಿಗೆ ಮನಸ್ಸಾಗುತ್ತೆ ಹೇಳಿ.

ಮನೆಗೆ ತಂದು ನನ್ನ ಪುಟ್ಟ ಪ್ರ್ಯಾಕ್ಟೀಸ್ ಆಂಪ್‌ಗೆ ಹಾಕಿದೆ. ಪಕ್ಕದ ಮನೆಯವರಿಗೆ ತೊಂದರೆ ಆಗದಷ್ಟು ಸಣ್ಣ ಶಬ್ದದಲ್ಲಿ, ಗೇನ್ ಇಲ್ಲದೆ. ಇದು ಅದೇ ಗಿಟಾರಾ ಅನ್ನಿಸಿತು.

ಇದರಲ್ಲಿ ಮೋಸ ಏನೂ ನಡೆದಿಲ್ಲ, ನಮ್ಮ ಕಿವಿ ಇರೋದೇ ಹಾಗೆ. 1933ರಲ್ಲಿ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ಶಬ್ದ ಸಣ್ಣದಾದಂತೆ ತಗ್ಗಿನ ಸ್ವರಗಳು ನಡುವಿನವಕ್ಕಿಂತ ಬೇಗ ಕಿವಿಯಿಂದ ಜಾರಿಹೋಗುತ್ತವೆ, ತೀರಾ ಮೇಲಿನವೂ ಸ್ವಲ್ಪ ಹಾಗೇ. ಅಂದ್ರೆ ಅಂಗಡಿಯಲ್ಲಿ ಎದೆಗೆ ಬಡಿದ ಆ ಭಾರ ಮನೆಯ ಸಣ್ಣ ಶಬ್ದದಲ್ಲಿ ಯಾವ ಗಿಟಾರ್‌ನಿಂದಲೂ ಬರಲ್ಲ, ಎಷ್ಟೇ ದುಬಾರಿಯದಾದರೂ. ಇನ್ನು ಗೇನ್ ವಿಷಯ. ಗೇನ್ ಜಾಸ್ತಿ ಇದ್ದಾಗ ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ, ತಂತಿಯ ಕಂಪನ ಸಾಯುತ್ತಾ ಬಂದರೂ ಆಂಪ್ ಅದನ್ನು ಎತ್ತಿ ಹಿಡಿಯುತ್ತದೆ, ಅದರ ಜೊತೆಗೆ ಸ್ಪೀಕರ್‌ನ ಜೋರು ಶಬ್ದವೇ ತಂತಿಯನ್ನು ಮತ್ತೆ ಅಲುಗಿಸಿ ಸ್ವರವನ್ನು ಉದ್ದಕ್ಕೆ ಎಳೆಯುತ್ತದೆ. ಫ್ರೆಟ್‌ಗೆ ತಂತಿ ತಾಗಿ ಬರೋ ಜಿರ್ ಸದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲ್ಲ. ಆಂಪ್ ತೆಗೆದುಬಿಟ್ಟರೆ ಉಳಿಯೋದು ಮರ, ತಂತಿ, ಫ್ರೆಟ್, ನಟ್ (ನೆಕ್ ತುದಿಯಲ್ಲಿ ತಂತಿಗಳು ಕೂರೋ ಪಟ್ಟಿ), ಬ್ರಿಡ್ಜ್. ನಾವು ದುಡ್ಡು ಕೊಟ್ಟು ತರೋದು ಇಷ್ಟನ್ನೇ ಅಲ್ವಾ. ಈ ಗಿಟಾರ್ ಸೋತಿರೋದೂ ಇಲ್ಲೇ.

ಗುಂಯ್ ಅನ್ನೋ ಸದ್ದನ್ನು ಬೇಗ ಮುಗಿಸಿಬಿಡುತ್ತೇನೆ. ಸಿಂಗಲ್ ಕಾಯಿಲ್ ಪಿಕಪ್ ಗುಂಯ್‌ಗುಡುವುದು ಅದರ ಹುಟ್ಟುಗುಣ. ಆ ತಾಮ್ರದ ಸುರುಳಿ ಗಿಟಾರ್ ತಂತಿಯ ಕಂಪನದ ಜೊತೆ ಅಕ್ಕಪಕ್ಕದ ಕರೆಂಟ್ ಲೈನಿನ 50 ಅಥವಾ 60 ಹರ್ಟ್ಜ್ ಅನ್ನೂ ಹಿಡಿದುಕೊಳ್ಳುತ್ತದೆ. ಗಿಬ್ಸನ್ ಗಿಟಾರ್ ಕಂಪನಿಯಲ್ಲಿದ್ದ ಸೆತ್ ಲವರ್ 1955ರಲ್ಲಿ ಹಂಬಕರ್ ಮಾಡಿದ್ದೇ ಈ ಕಾಟ ತಪ್ಪಿಸೋಕೆ. ಎರಡು ಕಾಯಿಲ್, ಒಂದರ ಸುತ್ತೂ ಅಯಸ್ಕಾಂತದ ದಿಕ್ಕೂ ಇನ್ನೊಂದಕ್ಕೆ ಉಲ್ಟಾ. ಹಾಗಾಗಿ ಗುಂಯ್ ಕಳೆದುಹೋಗುತ್ತದೆ, ಸ್ವರ ಕೂಡಿಕೊಳ್ಳುತ್ತದೆ. ಒಂದೊಂದೇ ಸಿಂಗಲ್ ಕಾಯಿಲ್ ಹಾಕಿದಾಗ ಸದ್ದು ಬಂದರೆ ನಾನು ದೂರಲ್ಲ. ಆದರೆ ಇದರಲ್ಲಿ ನಡುವಿನ ಪಿಕಪ್ ಮತ್ತು ನೆಕ್ ಪಿಕಪ್ ಎರಡನ್ನೂ ಒಟ್ಟಿಗೆ ಹಾಕಿದರೂ ಗುಂಯ್ ಕಮ್ಮಿಯಾಗಲ್ಲ. ಈಗಿನ ಎಷ್ಟೋ ಸಾಧಾರಣ ಗಿಟಾರ್‌ಗಳಲ್ಲೂ ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿ ಹಾಕಿರುತ್ತಾರೆ, ಇಲ್ಲಿ ಆ ಗೋಜಿಗೇ ಹೋಗಿಲ್ಲ. ಹಿಂದಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಬರೀ ಮರ. ಗುಂಯ್ ತಡೆಯೋ ತಾಮ್ರದ ಹಾಳೆಯೂ ಇಲ್ಲ, ಶೀಲ್ಡಿಂಗ್ ಪೇಂಟೂ ಇಲ್ಲ. ವಾಲ್ಯೂಮ್ ಗುಬುಟು ತಿರುಗಿಸಿದರೆ ಕರಕರ ಅನ್ನುತ್ತದೆ, ಹೊಸದರಲ್ಲೇ.

ಇದೆಲ್ಲಾ ಸಹಿಸಬಹುದು. ನಟ್ ಮಾತ್ರ ಸಹಿಸೋಕೆ ಆಗಲ್ಲ.

ಆರೂ ಖಾಲಿ ತಂತಿಗಳನ್ನು ಟ್ಯೂನರ್ ನೋಡಿಕೊಂಡು ಸರಿಯಾಗಿ ಶ್ರುತಿ ಮಾಡಿ. ಎಲ್ಲವೂ ಹಸಿರು. ಈಗ ಇ ಮೇಜರ್ ಕಾರ್ಡ್ ಹಿಡಿಯಿರಿ. ಏನೋ ಹುಳಿ. ಬೆರಳು ಸರಿಯಿಲ್ಲವೇನೋ ಅಂತ ಮತ್ತೆ ಹಿಡಿಯುತ್ತೀರಿ, ಮತ್ತೆ ಅದೇ. ಜಿ ತಂತಿಯೊಂದನ್ನೇ ಮೊದಲ ಫ್ರೆಟ್‌ನಲ್ಲಿ ಒತ್ತಿ ಟ್ಯೂನರ್ ನೋಡಿದರೆ ವಿಷಯ ಗೊತ್ತಾಗುತ್ತದೆ. ಜಿ ಶಾರ್ಪ್ ಬರಬೇಕಾದ ಕಡೆ ಮುಳ್ಳು ನಡುಗೆರೆ ದಾಟಿ ಬಲಕ್ಕೆ ವಾಲಿ ನಿಂತಿದೆ, 20 ಸೆಂಟ್‌ಗೂ ಜಾಸ್ತಿ. ಒಂದು ಫ್ರೆಟ್‌ನಿಂದ ಪಕ್ಕದ ಫ್ರೆಟ್‌ಗೆ ಇರೋದೇ 100 ಸೆಂಟ್, ಅದರಲ್ಲಿ ಐದನೇ ಒಂದು ಭಾಗ ಹೆಚ್ಚು ಅಂದ್ರೆ ಸಂಗೀತ ಕಲಿಯದವರ ಕಿವಿಗೂ ಚುಚ್ಚುತ್ತದೆ. ಕಾರಣ ಸರಳ. ನಟ್ ಎತ್ತರ ಜಾಸ್ತಿ, ಹಾಗಾಗಿ ಮೊದಲ ಫ್ರೆಟ್ ಮುಟ್ಟಿಸೋಕೆ ತಂತಿಯನ್ನು ತುಂಬಾ ಕೆಳಗೆ ಒತ್ತಬೇಕು. ಒತ್ತಿದಷ್ಟೂ ಬಿಗಿ, ಬಿಗಿಯಾದಷ್ಟೂ ಶ್ರುತಿ ಏರುತ್ತದೆ. ಇದನ್ನು ಯಾವ ಗಿಟಾರ್‌ನಲ್ಲಾದರೂ ಪರೀಕ್ಷೆ ಮಾಡಬಹುದು. ತಂತಿಯನ್ನು ಮೂರನೇ ಫ್ರೆಟ್ ಜಾಗದಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ಎಷ್ಟು ಸಂದಿ ಇದೆ ನೋಡಿ. ಕೂದಲೆಳೆಯಷ್ಟಿದ್ದರೆ ಸರಿ. ಇದರಲ್ಲಿ ವಿಸಿಟಿಂಗ್ ಕಾರ್ಡ್ ಆರಾಮಾಗಿ ತೂರುತ್ತದೆ.

ಮಾಮೂಲಿ ಪ್ಲಾಸ್ಟಿಕ್ ಅಥವಾ ಮೂಳೆಯ ನಟ್ ಆಗಿದ್ದರೆ ಗಿಟಾರ್ ರಿಪೇರಿ ಮಾಡುವವರು ಅದರ ಸೀಳುಗಳನ್ನು ಅರದಿಂದ ಉಜ್ಜಿ ಸರಿ ಮಾಡಿಬಿಡುತ್ತಿದ್ದರು, ದೊಡ್ಡ ಕೆಲಸವೇನಲ್ಲ. ಇದು ತಂತಿಯನ್ನು ಬಿಗಿದು ಹಿಡಿಯೋ ಲೋಹದ ಲಾಕಿಂಗ್ ನಟ್. ಎತ್ತರ ಸಾಲದಿದ್ದರೆ ಕೆಳಗೆ ತೆಳು ತಗಡು ಇಟ್ಟು ಏರಿಸಬಹುದು. ಇಳಿಸಬೇಕಂದ್ರೆ ಅದು ಕೂತಿರೋ ನೆಕ್‌ನ ಮರವನ್ನೇ ಕೆತ್ತಬೇಕು. ಹೊಸ ಗಿಟಾರ್‌ನ ಮರ ಕೆತ್ತಿಸೋದು ಅಂದ್ರೆ ಏನು ಕರ್ಮ.

ಇನ್ನು ಬ್ರಿಡ್ಜ್. ಈ ಥರದ ಲಾಕಿಂಗ್ ಬ್ರಿಡ್ಜ್ ಕಂಡುಹಿಡಿದದ್ದು ಫ್ಲಾಯ್ಡ್ ರೋಸ್, 1979ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ತಂತಿಯ ಎರಡೂ ತುದಿಯನ್ನು ಬಿಗಿದು ಹಿಡಿದರೆ ಬಾರ್ ಎಷ್ಟೇ ಒತ್ತಿ ಎಳೆದರೂ ಶ್ರುತಿ ಹೋಗಲ್ಲ ಅನ್ನೋದು ಯೋಚನೆ, ಒಳ್ಳೇ ಯೋಚನೆ. ನನ್ನ ಗಿಟಾರ್‌ನಲ್ಲಿರೋದು ಅದೇ ಆಕಾರದ ಅಗ್ಗದ ನಕಲು. ವ್ಯತ್ಯಾಸ ಎಲ್ಲಿ ಅಂದ್ರೆ, ಇಡೀ ಬ್ರಿಡ್ಜ್ ಎರಡು ಕಂಬಗಳ ಮೇಲೆ ಚೂಪಾದ ಅಂಚು ಊರಿ ನಿಂತಿರುತ್ತದೆ. ಆ ಅಂಚು ಗಟ್ಟಿ ಉಕ್ಕಿನದಾದರೆ ಬಾರ್ ಬಿಟ್ಟ ತಕ್ಷಣ ಬ್ರಿಡ್ಜ್ ಇದ್ದ ಜಾಗಕ್ಕೇ ವಾಪಸ್ ಬರುತ್ತದೆ. ಮೆತ್ತಗಿನ ಲೋಹವಾದರೆ ಬೇಗ ಸವೆಯುತ್ತದೆ, ಆಮೇಲೆ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ. ನನ್ನದರಲ್ಲಿ ಬಾರ್ ಕೆಳಗೆ ಒತ್ತಿ ಬಿಟ್ಟರೆ ಶ್ರುತಿ ಒಂಚೂರು ಇಳಿದಿರುತ್ತದೆ, ಮೇಲೆ ಎಳೆದು ಬಿಟ್ಟರೆ ಒಂಚೂರು ಏರಿರುತ್ತದೆ. ಲಾಕ್ ಎಲ್ಲಾ ಬಿಗಿಯಾಗಿದ್ದೂ ಹೀಗೆ. ಶ್ರುತಿ ಹೋಗಬಾರದು ಅಂತಲೇ ಮಾಡಿದ ವಸ್ತು ಶ್ರುತಿ ಕೆಡಿಸುತ್ತಿದೆ.

ತೇಲುವ ಬ್ರಿಡ್ಜ್ ಅಂದ್ರೆ ಏನು ಅಂತ ಅಂಗಡಿಯವರು ಯಾರೂ ಬಿಡಿಸಿ ಹೇಳಲ್ಲ. ಅದು ತಕ್ಕಡಿ ಇದ್ದ ಹಾಗೆ. ಒಂದು ಕಡೆ ಆರು ತಂತಿಗಳ ಎಳೆತ, ಇನ್ನೊಂದು ಕಡೆ ಗಿಟಾರ್ ಬೆನ್ನಿನಲ್ಲಿರೋ ಸ್ಪ್ರಿಂಗ್‌ಗಳ ಎಳೆತ. 25.5 ಇಂಚು ಸ್ಕೇಲ್ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) ಗಿಟಾರ್‌ನಲ್ಲಿ 9-42 (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಗಾತ್ರ, ಇಂಚಿನ ಸಾವಿರದ ಲೆಕ್ಕದಲ್ಲಿ) ತಂತಿಗಳ ಒಟ್ಟು ಎಳೆತ ಸುಮಾರು 38 ಕಿಲೋ, 10-46 ಹಾಕಿದರೆ ಹತ್ತಿರ ಹತ್ತಿರ 47 ಕಿಲೋ. ಹಾಗಾಗಿ ಒಂದು ತಂತಿ ಬಿಗಿ ಮಾಡಿದರೆ ಬ್ರಿಡ್ಜ್ ಮುಂದಕ್ಕೆ ವಾಲಿ ಉಳಿದ ಐದೂ ಇಳಿಯುತ್ತವೆ. ಅವನ್ನು ಏರಿಸಿದರೆ ಮೊದಲನೆಯದು ಇಳಿದಿರುತ್ತದೆ. ಸುತ್ತಿ ಸುತ್ತಿ ಬರಬೇಕು. ಒಂದು ತಂತಿ ಹರಿದರೆ ಉಳಿದ ಐದೂ ಏರಿಬಿಡುತ್ತವೆ, ಹಾಡಿನ ಮಧ್ಯೆ ಆದರೆ ಅಲ್ಲಿಗೆ ಹಾಡು ಮುಗಿದ ಹಾಗೇ. ದಪ್ಪ ಇ ತಂತಿಯನ್ನು ಡಿ ಗೆ ಇಳಿಸಿ ಇನ್ನೊಂದು ಹಾಡು ನುಡಿಸೋಣ ಅಂದ್ರೆ ಅದೂ ಆಗಲ್ಲ. ತಂತಿಯ ಗೇಜ್ (ದಪ್ಪ) ಬದಲಿಸಿದರೆ ಬೆನ್ನಿನ ಸ್ಕ್ರೂ ತಿರುಗಿಸಿ ಸ್ಪ್ರಿಂಗ್ ಬಿಗಿ ಹೊಸದಾಗಿ ಹೊಂದಿಸಬೇಕು. ತಂತಿ ಹಾಕೋ ಮೊದಲು ಅದರ ತುದಿಯ ಗುಂಡು ಕತ್ತರಿಸಬೇಕು, ಅಲೆನ್ ಕೀ ಹುಡುಕಬೇಕು. ಹನ್ನೆರಡನೇ ಫ್ರೆಟ್‌ನ ಸ್ವರ ಖಾಲಿ ತಂತಿಯ ಸರಿಯಾಗಿ ಎರಡರಷ್ಟು ಬರಬೇಕಲ್ಲ, ಅದನ್ನು ಹೊಂದಿಸೋಕೆ ಮಾಮೂಲಿ ಬ್ರಿಡ್ಜ್‌ನಲ್ಲಿ ಒಂದು ಸ್ಕ್ರೂ ತಿರುಗಿಸಿದರೆ ಸಾಕು. ಇದರಲ್ಲಿ ಪ್ರತಿ ಸಲವೂ ತಂತಿ ಸಡಿಲಿಸಿ, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರೋ ತುಂಡು) ಕೈಯಲ್ಲಿ ಸರಿಸಿ, ಮತ್ತೆ ಶ್ರುತಿ ಮಾಡಿ ನೋಡಬೇಕು. ಹೊಸದಾಗಿ ಕಲಿಯುವವರಿಗೆ ಅಂತ ಡಬ್ಬಿಯ ಮೇಲೆ ಬರೆದಿದ್ದಾರೆ. ಬರೆದವರು ತಂತಿ ಬದಲಿಸಿದ್ದಾರಾ ಅಂತ ನನಗೆ ಅನುಮಾನ.

ನೆಕ್‌ನ ಅಂಚಿನಲ್ಲಿ ಕೈ ಆಡಿಸಿದರೆ ಫ್ರೆಟ್ ತುದಿಗಳು ಗೀರುತ್ತವೆ. ಮರ ಒಣಗಿ ಕುಗ್ಗಿದಾಗ ಲೋಹ ಕುಗ್ಗಲ್ಲ, ಹೊರಗೆ ಚಾಚಿಕೊಳ್ಳುತ್ತದೆ. ಇದು ದುಬಾರಿ ಗಿಟಾರ್‌ಗಳಲ್ಲೂ ಆಗುತ್ತದೆ, ರಿಪೇರಿಯೂ ಸುಲಭ. ಇದಕ್ಕೆ ಅಂಕ ಕಳೆದಿಲ್ಲ.

ಅಂಗಡಿಯವರು ಮಾತಾಡಿದ್ದು ಮರ್ಯಾದೆಯಿಂದಲೇ. ದುಡ್ಡು ವಾಪಸ್ ಇಲ್ಲ, ಬೇಕಾದರೆ ಅದೇ ಮಾದರಿಯ ಬೇರೆ ಪೀಸ್ ಕೊಡುತ್ತೇವೆ ಅಂದರು. ಆ ಪೀಸನ್ನು ಅಲ್ಲೇ ನಿಂತು ನೋಡಿದೆ. ನಟ್ ಅಷ್ಟೇ ಎತ್ತರ, ಬಾರ್ ಬಿಟ್ಟಾಗ ಶ್ರುತಿ ಅಷ್ಟೇ ಜಾರುತ್ತದೆ. ಹಾಗಾಗಿ ನನ್ನ ಪೀಸ್ ಮಾತ್ರ ಕೆಟ್ಟದ್ದು ಅಂತ ಹೇಳೋಕಾಗಲ್ಲ. "ಎಲ್ಲಾ ಲಾಕಿಂಗ್ ಬ್ರಿಡ್ಜೂ ಹೀಗೇ, ಅಡ್ಜಸ್ಟ್ ಆಗುತ್ತೆ" ಅಂದರು. ಎಲ್ಲವೂ ಹೀಗಲ್ಲ. ಚೆನ್ನಾಗಿರೋದನ್ನು ನುಡಿಸಿ ನೋಡಿದ್ದೇನೆ, ಹೇಗೆ ಎಳೆದಾಡಿದರೂ ಜಪ್ಪಯ್ಯ ಅನ್ನಲ್ಲ.

ಒಳ್ಳೆಯದೂ ಹೇಳಬೇಕು. ನೆಕ್ ತೆಳ್ಳಗಿದೆ, ಹಿಂಭಾಗಕ್ಕೆ ಅಂಟಂಟು ಪಾಲಿಶ್ ಇಲ್ಲ, ಕೈ ಸರಾಗವಾಗಿ ಓಡುತ್ತದೆ. 24ನೇ ಫ್ರೆಟ್‌ವರೆಗೂ ಬೆರಳು ತಲುಪುತ್ತದೆ. ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸೋ ಒಳಗಿನ ಸರಳು) ಸರಿಯಾಗಿ ಕೆಲಸ ಮಾಡುತ್ತದೆ, ಕಾಲು ಸುತ್ತಿಗೂ ಕಡಿಮೆ ತಿರುಗಿಸಿದ್ದಕ್ಕೆ ನೆಕ್ ನೆಟ್ಟಗಾಯಿತು. ಹಂಬಕರ್ ಗೇನ್ ಹಾಕಿದಾಗ ದಪ್ಪ ತಂತಿಗಳಲ್ಲೂ ಸ್ವರ ಕಲಸಿಹೋಗದೆ ಬಿಡಿಬಿಡಿಯಾಗಿ ಕೇಳಿಸುತ್ತದೆ. ಈ ಬೆಲೆಗೆ ಅದು ಆಶ್ಚರ್ಯವೇ. ಇದೇ ನೆಕ್, ಇದೇ ಹಂಬಕರ್, ಅಲುಗಾಡದ ಬ್ರಿಡ್ಜ್ ಮತ್ತು ಮಾಮೂಲಿ ನಟ್ ಹಾಕಿ ಕೊಟ್ಟಿದ್ದರೆ ಕಂಪನಿಗೂ ಖರ್ಚು ಉಳಿಯುತ್ತಿತ್ತು, ನಾನೂ ಐದಕ್ಕೆ ನಾಲ್ಕು ಕೊಡುತ್ತಿದ್ದೆ. ಬಾರ್ ಇದ್ದರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಹಾಕಿದ್ದಾರೆ, ಅಷ್ಟೇ.

ನೀವು ಯಾವುದೇ ಎಲೆಕ್ಟ್ರಿಕ್ ಗಿಟಾರ್ ನೋಡೋಕೆ ಹೋದರೂ ಮೊದಲು ಆಂಪ್‌ಗೆ ಹಾಕದೆ ನುಡಿಸಿ. ಮೂಲೆಯಲ್ಲಿ ಕೂತು ಸುಮ್ನೆ ಒಂದೊಂದೇ ಫ್ರೆಟ್ ಒತ್ತುತ್ತಾ ಹೋಗಿ, ಯಾವುದಾದರೂ ಸ್ವರ ಥಟ್ ಅಂತ ಸಾಯುತ್ತಾ ಕೇಳಿ. ಫೋನಿನಲ್ಲಿ ಟ್ಯೂನರ್ ಇರುತ್ತಲ್ಲ, ಖಾಲಿ ತಂತಿ ನೋಡಿದ ಮೇಲೆ ಮೊದಲ ಮತ್ತು ಹನ್ನೆರಡನೇ ಫ್ರೆಟ್ ಕೂಡ ನೋಡಿ. ಬಾರ್ ಇದ್ದರೆ ಕೆಳಗೂ ಮೇಲೂ ಎಳೆದು ಬಿಟ್ಟು ಮತ್ತೆ ಟ್ಯೂನರ್ ನೋಡಿ, ನಾಚಿಕೆ ಪಡಬೇಡಿ. ಆಮೇಲೆ ಅಂಗಡಿಯಲ್ಲಿರೋ ಅತಿ ಚಿಕ್ಕ ಆಂಪ್ ಕೇಳಿ, ಗೇನ್ ಆದಷ್ಟು ಇಳಿಸಿ, ಮಾತಾಡಿದರೆ ಕೇಳಿಸುವಷ್ಟು ಶಬ್ದದಲ್ಲಿ ನುಡಿಸಿ. ಅಂಗಡಿಯ ಹುಡುಗ ದೊಡ್ಡ ಆಂಪ್ ಕಡೆ ಕರೆದರೆ ಕೊನೆಗೆ ಹೋಗಿ. ಅದು ಮಜಾ ಕೊಡುತ್ತೆ, ಬೇಡ ಅನ್ನಲ್ಲ.

ಈಗಾಗಲೇ ಮನೆಗೆ ಒಳ್ಳೇ ಗಿಟಾರ್ ತಂದಿಟ್ಟುಕೊಂಡು, ಒಂದೇ ಶ್ರುತಿಯಲ್ಲಿ, ಗೇನ್ ಹಾಕಿ, ಐದನೇ ಫ್ರೆಟ್‌ನಿಂದ ಮೇಲೆ ಮಾತ್ರ ಓಡಾಡುವವರಾದರೆ ಈ ಗಿಟಾರ್ ನಡೆಯುತ್ತದೆ. ಮೊದಲ ಗಿಟಾರ್ ಆಗಿ ಬೇಡವೇ ಬೇಡ. ಕಾರ್ಡ್ ಹಿಡಿಯೋಕೆ ಕಲಿಯುತ್ತಿರುವವರು ಹುಳಿ ಸ್ವರ ಕೇಳಿ ಕೇಳಿ ತಮ್ಮ ಬೆರಳನ್ನೇ ಅನುಮಾನಿಸುತ್ತಾರೆ.

ನನ್ನದಕ್ಕೆ ಸದ್ಯ ಹಿಂದಿನ ಗುಂಡಿಯಲ್ಲಿ ಬ್ರಿಡ್ಜ್‌ನ ಲೋಹದ ದಿಂಡಿನ ಎರಡೂ ಪಕ್ಕಕ್ಕೆ ಅಳತೆಗೆ ಕತ್ತರಿಸಿದ ಮರದ ತುಂಡು ತುರುಕಿ ಅಲುಗದ ಹಾಗೆ ಮಾಡಿದ್ದೇನೆ. ತಂತಿ ಬದಲಿಸೋದು ಅರ್ಧಕ್ಕರ್ಧ ಸುಲಭವಾಯಿತು, ಶ್ರುತಿಯೂ ನಿಲ್ಲುತ್ತದೆ. ನಟ್ ಕೆಳಗಿನ ಮರ ಕೆತ್ತಿಸೋದಾ ಬೇಡವಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ವ್ಯಾಮಿ ಬಾರ್ ಮಾತ್ರ ಬಿಚ್ಚಿಟ್ಟಿದ್ದೇನೆ, ಯಾರಿಗಾದರೂ ಬೇಕಿದ್ದರೆ ಕೇಳಿ, ಹೊಸದರ ಹಾಗೇ ಇದೆ.