ಹಳೆಯ ಮನೆಯ ಹಿಂಬದಿಗೆ ಕೋಣೆ ಸೇರಿಸುವ ಮುನ್ನ ಇದನ್ನು ಓದಿ

ಸಂರಕ್ಷಿತ ಪಾರಂಪರಿಕ ಪ್ರದೇಶದೊಳಗಿನ ನಮ್ಮ ಹಳೆಯ ಮನೆಯ ಹಿಂಬದಿಗೆ ಅಡುಗೆಮನೆಯನ್ನೂ ಅದರ ಮೇಲೊಂದು ಮಲಗುವ ಕೋಣೆಯನ್ನೂ ಸೇರಿಸಲು ಹೋಗಿ ಎರಡು ವರ್ಷ ಪಟ್ಟ ಪಾಡನ್ನು ಬರೆಯುತ್ತಿದ್ದೇನೆ. ಇಂಥ ಕೆಲಸಕ್ಕೆ ಕೈಹಾಕಲಿರುವವರು ಪಾಯ ತೋಡುವ ಮೊದಲೇ ಇದನ್ನು ಓದಬೇಕೆಂಬುದು ನನ್ನ ಆಸೆ. “ಹಿಂದುಗಡೆ ತಾನೆ, ಯಾರ ಕಣ್ಣಿಗೆ ಬೀಳುತ್ತದೆ?” ಎಂದು ಗುತ್ತಿಗೆದಾರರು ಹೇಳಿದಾಗ ನಾನು ಮರುಮಾತಿಲ್ಲದೆ ಒಪ್ಪಿಕೊಂಡೆ. ಅಲ್ಲೇ ಎಡವಿದೆ.

ಕಟ್ಟಡ ಪರವಾನಗಿ ಕೈಗೆ ಬಂದದ್ದೇ ಕೆಲಸ ಶುರುಮಾಡಿದೆವು. ಆ ಪರವಾನಗಿ ನೋಡುವುದು ಕಟ್ಟಡದ ಭದ್ರತೆಯನ್ನು, ಗಡಿಯಿಂದ ಬಿಡಬೇಕಾದ ಜಾಗವನ್ನು. ಪರಂಪರೆ ಸಮಿತಿಯ ಒಪ್ಪಿಗೆ ಬೇರೆಯೇ ಎಂಬುದು ನನಗೆ ತಿಳಿದದ್ದು ಕೆಲಸ ನಿಲ್ಲಿಸಬೇಕೆಂಬ ನೋಟಿಸು ಬಾಗಿಲಿಗೆ ಅಂಟಿದ ದಿನ. ಹಿಂಬದಿಯ ಓಣಿಯೂ ಸಾರ್ವಜನಿಕ ದಾರಿಯೇ, ಅಲ್ಲಿಂದ ನಮ್ಮ ಮೇಲಂತಸ್ತು ಪೂರ್ತಿ ಕಾಣುತ್ತಿತ್ತು. ಅಷ್ಟರಲ್ಲಿ ಹಿಂಭಾಗದ ಹೆಂಚು ಇಳಿಸಿಯಾಗಿತ್ತು. ಮುಂದಿನ ನಾಲ್ಕು ತಿಂಗಳು ಬರಿಯ ಟಾರ್ಪಾಲಿನ ಕೆಳಗೆ ಹಿಂಬದಿಯ ಗೋಡೆ ಮಳೆಯಲ್ಲಿ ನೆನೆಯಿತು.

ಹೊಸ ಸೂರು ಹಳೆಯ ಸೂರಿಗಿಂತ ಕೆಳಗಿರಬೇಕು, ಹೊಸ ಗೋಡೆ ಹಳೆಯ ಪಕ್ಕದ ಗೋಡೆಗಿಂತ ಒಳಸರಿದು ಹಳೆಯ ಮನೆಯ ಮೂಲೆಗಳು ಕಾಣುವಂತಿರಬೇಕು ಎಂದು ಸಮಿತಿ ಹೇಳಿದಾಗ ಇದು ಬರಿಯ ಹಠವೆಂದು ನನಗೆ ಸಿಟ್ಟು ಬಂದಿತ್ತು. ಆದರೆ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ತತ್ವಗಳನ್ನು ಹೇಳುವ 1964ರ ವೆನಿಸ್ ಸನ್ನದಿನ 13ನೆಯ ವಿಧಿಯ ಆಶಯವೂ ಅದೇ: ಕಟ್ಟಡದ ಗಮನಾರ್ಹ ಭಾಗಗಳಿಗೂ ರಚನೆಯ ಸಮತೋಲಕ್ಕೂ ಸುತ್ತಣ ಪರಿಸರದೊಂದಿಗಿನ ಸಂಬಂಧಕ್ಕೂ ಕುಂದು ತರದ ಸೇರ್ಪಡೆಗಷ್ಟೇ ಅವಕಾಶ. ಮೇಲಿನ ಕೋಣೆಯನ್ನು ಕೈಬಿಟ್ಟು ನಕ್ಷೆಯನ್ನು ಹೊಸದಾಗಿ ಬರೆಸಬೇಕಾಯಿತು.

ಕಾಗದದ ತೊಂದರೆ ತಡವಾಗಿಯಾದರೂ ಬಗೆಹರಿಯುತ್ತದೆ, ಗೋಡೆಗೆ ಆದ ಗಾಯ ಹಾಗಲ್ಲ. ಹಳೆಯ ಮನೆಯ ತಳಪಾಯ ಆಳವಿರಲಿಲ್ಲ, ಇಟ್ಟಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹರಡಿ ಕಟ್ಟಿದ್ದರು. ಅದರ ಮಗ್ಗುಲಲ್ಲೇ ಅದಕ್ಕಿಂತ ಆಳವಾಗಿ ಉದ್ದಕ್ಕೂ ಒಂದೇ ಕಾಲುವೆ ತೋಡಿ ಕಾಂಕ್ರೀಟು ಸುರಿದರು, ಸಾಲದೆಂಬಂತೆ ಹೊಸ ಗೋಡೆಯನ್ನು ಉಕ್ಕಿನ ಸರಳುಗಳಿಂದ ಹಳೆಯದಕ್ಕೆ ಬಿಗಿದರು. ಹೊಸ ಕಟ್ಟಡ ತನ್ನ ಭಾರಕ್ಕೆ ಸ್ವಲ್ಪವಾದರೂ ಕುಸಿದು ಕೂರುತ್ತದೆ; ಸರಳು ಬಿಗಿದಿದ್ದರಿಂದ ಅದು ಹಳೆಯ ಗೋಡೆಯನ್ನೂ ಜೊತೆಗೆಳೆಯಿತು. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಮೂಡಿತು. ಎಂಜಿನಿಯರ್ ಒಬ್ಬರು ಬಿರುಕಿನ ಮೇಲೆ ತೆಳುವಾದ ಗಾಜಿನ ಪಟ್ಟಿಯನ್ನು ಅಡ್ಡಲಾಗಿ ಅಂಟಿಸಿ ಹೋದರು. ಹತ್ತನೆಯ ಬೆಳಿಗ್ಗೆ ನೋಡಿದರೆ ಗಾಜು ನಡುವೆ ಸೀಳಿತ್ತು, ಅಂದರೆ ಗೋಡೆ ಇನ್ನೂ ಸರಿಯುತ್ತಿತ್ತು. ಕೊನೆಗೆ ಸರಳುಗಳನ್ನು ಕತ್ತರಿಸಿ, ಎರಡೂ ಗೋಡೆಗಳ ನಡುವೆ ಮೇಲಿಂದ ಕೆಳಗಿನವರೆಗೆ ಸಂದು ಬಿಟ್ಟು, ಹಳೆಯ ತಳಪಾಯವನ್ನು ಸುಮಾರು 1 ಮೀಟರಿನ ತುಂಡುಗಳಲ್ಲಿ ಒಂದಾದ ಮೇಲೊಂದರಂತೆ ಅಡಿಯಿಂದ ಭದ್ರಪಡಿಸಬೇಕಾಯಿತು. ಆ ಸಂದನ್ನು ಮೊದಲೇ ಬಿಟ್ಟಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ಅದೇ ಗೋಡೆಗೆ ಗುತ್ತಿಗೆದಾರರು “ಗಟ್ಟಿಯಾಗಿರಲಿ” ಎಂದು ಸಿಮೆಂಟು ಗಿಲಾವು ಬಳಿಸಿದ್ದರು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟು ಸಿಕ್ಕಿದ್ದು 1824ರಲ್ಲಿ; ಅದಕ್ಕೂ ಹಿಂದಿನಿಂದ ಬಂದ ಪದ್ಧತಿಯಂತೆ ಸುಣ್ಣದ ಗಾರೆಯಲ್ಲಿ ಕಟ್ಟಿದ ನಮ್ಮ ಗೋಡೆ ಒಳಗಿನ ತೇವವನ್ನು ಸಂದುಗಳ ಮೂಲಕವೇ ಹೊರಗೆ ಬಿಡುವಂಥದ್ದು. ಸಿಮೆಂಟು ಆ ದಾರಿ ಮುಚ್ಚಿತು. ಗಿಲಾವು ಉಬ್ಬಿದ ಕಡೆ ಕಿತ್ತಾಗ ಹಿಂದೆ ಹತ್ತಿಯೆಳೆಯಂತೆ ಬಿಳಿ ಉಪ್ಪು ಬೆಳೆದಿತ್ತು, ಇಟ್ಟಿಗೆಯ ಮೈ ಬೆರಳು ಸೋಕಿದರೆ ಕೆಂಪು ಪುಡಿಯಾಗಿ ಉದುರುತ್ತಿತ್ತು. ಮುಕ್ಕಾದ ಇಟ್ಟಿಗೆಗಳನ್ನು ಬದಲಿಸಿ, ಗೋಡೆ ಒಣಗುವವರೆಗೆ ಕಾದು, ಮತ್ತೆ ಸುಣ್ಣದ ಗಾರೆಯನ್ನೇ ಬಳಿಸಿದೆವು.

ಬಿಚ್ಚಿದ ಎರಡು ಹಳೆಯ ಮರದ ಕಿಟಕಿಗಳನ್ನು ನನ್ನನ್ನು ಕೇಳದೆಯೇ ಸಾಗಿಸಿಬಿಟ್ಟಿದ್ದರು. ಆ ನೋವು ನನಗಿನ್ನೂ ಇದೆ. ಏನನ್ನೇ ಬಿಚ್ಚುವ ಮುನ್ನ ಅಳತೆ ತೆಗೆದು, ಫೋಟೋ ಹಿಡಿದು, ಬಿಚ್ಚಿದ್ದನ್ನು ಮನೆಯಲ್ಲೇ ಇಡಬೇಕೆಂದು ಕರಾರಿನಲ್ಲಿ ಬರೆಸಿಕೊಳ್ಳಿ. ನಕ್ಷೆ ಇನ್ನೂ ಪೆನ್ಸಿಲಿನಲ್ಲಿರುವಾಗಲೇ ಸಮಿತಿಯವರ ಮುಂದೆ ಇಡಿ, ಸುಣ್ಣದ ಕೆಲಸ ಬಲ್ಲವರನ್ನು ಕೆಲಸ ಆರಂಭಿಸುವ ಮುನ್ನವೇ ಹುಡುಕಿಕೊಳ್ಳಿ. ಬಿರುಕಿನ ಮೇಲೆ ಅಂಟಿಸಿದ ಎರಡನೆಯ ಗಾಜಿನ ಪಟ್ಟಿ ಏಳು ತಿಂಗಳಿಂದ ಒಡೆದಿಲ್ಲ. ದಿನಾ ಬೆಳಿಗ್ಗೆ ಹಿಂಬಾಗಿಲು ತೆರೆದು ಅದನ್ನು ನೋಡಿ ಬರುತ್ತೇನೆ.