ಸ್ಮಾರ್ಟ್ ಬೋರ್ಡ್ ಕೆಟ್ಟು ನಿಂತರೂ ಕಂತು ನಿಲ್ಲುವುದಿಲ್ಲ: ಶಾಲೆ ನಡೆಸುವವರು ದಯವಿಟ್ಟು ಓದಿ

ಕಲಬುರಗಿ ಜಿಲ್ಲೆಯ ಒಂದು ಸಣ್ಣ ಖಾಸಗಿ ಶಾಲೆಯ ಟ್ರಸ್ಟಿಗೆ ನಾನು ಖಜಾಂಚಿ. ಈ ಜವಾಬ್ದಾರಿ ನನ್ನ ಕೈಗೆ ಬರುವಷ್ಟರಲ್ಲಿ ಎರಡು ಒಪ್ಪಂದಗಳಿಗೆ ಸಹಿ ಬಿದ್ದಾಗಿತ್ತು: ಒಂದು ಸ್ಮಾರ್ಟ್ ಕ್ಲಾಸಿನದು, ಅಂದರೆ ಪರದೆ ಮುಟ್ಟಿ ಪಾಠ ನಡೆಸುವ ಬೋರ್ಡುಗಳದು, ಇನ್ನೊಂದು ಹೊಸ ಕೋಣೆಗಳದು. ಈಗ ಶಿಕ್ಷಕರಿಗೆ ಸಂಬಳವನ್ನೇ ಪೂರ್ತಿ ಕೊಡಲಾಗುತ್ತಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲ, ಇಂಥ ಕಾಗದ ಹಿಡಿದು ತಿರುಗುವವರು ಒಬ್ಬರೇ ಅಲ್ಲ.

ಬೋರ್ಡ್ ಮಾರಲು ಬಂದವರು ಹೇಳಿದ್ದು ಇಷ್ಟು: “ಮುಂಗಡ ಒಂದ್ ರೂಪಾಯಿ ಬ್ಯಾಡ್ರಿ ಸರ. ಮಕ್ಕಳ ಫೀಸಿನ್ಯಾಗ ತಿಂಗಳಿಗಿಷ್ಟಂತ ಸೇರಿಸ್ರಿ, ಐದು ವರ್ಷಕ್ಕ ಬೋರ್ಡ್ ನಿಮ್ಮದೇ ಆಗ್ತದ.” ಫೈಲ್ ಬಿಚ್ಚಿದರೆ ಒಳಗಿರುವುದು ಬೇರೆ. ಬೋರ್ಡ್, ಸಾಫ್ಟ್‌ವೇರ್, ದುರಸ್ತಿ ಕಂಪನಿಯದು. ದುಡ್ಡು ಮಾತ್ರ ಇನ್ನೊಂದು ಫೈನಾನ್ಸ್ ಸಂಸ್ಥೆಯದು. ಅದು ಕಂಪನಿಗೆ ಇಡೀ ಮೊತ್ತ ಒಮ್ಮೆಲೇ ಕೊಟ್ಟುಬಿಟ್ಟಿದೆ. ಸಾಲಗಾರ ನಮ್ಮ ಟ್ರಸ್ಟ್. ಜಾಮೀನು ನಮ್ಮ ಅಧ್ಯಕ್ಷರದು, ಅದೂ ಸ್ವಂತ ಹೆಸರಿನಲ್ಲಿ.

ಮೊದಲ ಬೇಸಿಗೆಗೇ ಕೆಲವು ಬೋರ್ಡುಗಳ ಟಚ್ ಕೈಕೊಟ್ಟಿತು. ಕರೆಂಟ್ ಹೋದರೆ ಯುಪಿಎಸ್ ಒಂದು ಪೀರಿಯಡ್ ಕೂಡ ತಡೆಯುವುದಿಲ್ಲ. ದುರಸ್ತಿಗೆ ಯಾರೂ ಬರಲಿಲ್ಲ. ಕಂತು ನಿಲ್ಲಿಸುತ್ತೇವೆಂದರೆ ಫೈನಾನ್ಸಿನವರು, “ಬೋರ್ಡಿನ ಜಗಳ ಕಂಪನಿ ಜೋಡಿ ಮಾಡ್ಕೋರಿ, ನಮ್ಮ ಕಂತು ಕಟ್ರಿ” ಅಂದರು. ಸಹಿ ಮಾಡಿದ ಚೆಕ್ಕುಗಳು ಅವರ ಬಳಿ ಇವೆ. ಚೆಕ್ ಬೌನ್ಸ್ ಆಗಿ, ನೋಟಿಸ್ ಮುಟ್ಟಿದ 15 ದಿನದೊಳಗೆ ಹಣ ಕೊಡದಿದ್ದರೆ 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ಕೇಸು. 2 ವರ್ಷದವರೆಗೆ ಜೈಲು, ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಊರ ಮಕ್ಕಳು ಕಲಿಯಲೆಂದು ಸ್ವಂತ ಹೊಲ ಕೊಟ್ಟ ಹಿರಿಯರು ಇವತ್ತು ಕೋರ್ಟಿಗೆ ಅಂಜಿ ಕೂತಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಪ್ಪಂದದಲ್ಲಿ ಕನಿಷ್ಠ ಮಕ್ಕಳ ಸಂಖ್ಯೆ ಅಂತ ಇನ್ನೊಂದು ಷರತ್ತಿದೆ. ಮಕ್ಕಳು ಶಾಲೆ ಬಿಟ್ಟು ಹೋದರೂ ನಾವು ಕಟ್ಟುವ ಲೆಕ್ಕ ಆ ಸಂಖ್ಯೆಗಿಂತ ಕೆಳಗೆ ಇಳಿಯುವುದಿಲ್ಲ. ಜಿಎಸ್‌ಟಿ ಮೇಲಿಂದ ಬೇರೆ. ಶಾಲೆಯ ಫೀಸಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ನಾವು ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಅದನ್ನು ಬೇರೆ ತೆರಿಗೆಯಲ್ಲಿ ಕಳೆದುಕೊಳ್ಳಲು ಬರುವುದಿಲ್ಲ.

ಮುಖ್ಯ ಮಾತೆಂದರೆ, ನಮ್ಮ ಕಡೆ ಫೀಸು ತಿಂಗಳು ತಿಂಗಳು ಬರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯಾಗಿ, ಎಪಿಎಂಸಿಯಲ್ಲಿ ಮಾರಾಟವಾದ ಮೇಲೆಯೇ ಪಾಲಕರ ಕೈಯಲ್ಲಿ ರೊಕ್ಕ. ಕಂತು ಮಾತ್ರ ಪ್ರತಿ ತಿಂಗಳು ಖಾತೆಯಿಂದ ತಾನಾಗಿ ಕಡಿತ. ಫೀಸು, ಕಟ್ಟಡಕ್ಕೆಂದು ಬಂದ ದೇಣಿಗೆ ಎರಡೂ ಒಂದೇ ಖಾತೆಯಲ್ಲಿದ್ದವು. ಹಾಗಾಗಿ ದೇಣಿಗೆ ಸದ್ದಿಲ್ಲದೆ ಬೋರ್ಡಿನ ಕಂತಿಗೆ ಹರಿದುಹೋಯಿತು.

ದುಡ್ಡು ಕಡಿಮೆ ಬಿದ್ದಿತೆಂದು ಕಟ್ಟಡದಲ್ಲಿ ಮೊದಲು ಬಿಟ್ಟಿದ್ದು ಮಣ್ಣಿನ ಪರೀಕ್ಷೆ, ಆಮೇಲೆ ಎಂಜಿನಿಯರ್. ನಮ್ಮದು ಎರೆ ಭೂಮಿ, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಪ್ಲಿಂತ್ ಒಳಗೆ, ಅಂದರೆ ಪಾಯದ ಗೋಡೆಗಳ ನಡುವೆ ಫರಸಿಯ ಕೆಳಗೆ, ಮುರುಮ್ (ಗಟ್ಟಿ ಗರಸು ಮಣ್ಣು) ತುಂಬಬೇಕಾದಲ್ಲಿ ಗುತ್ತಿಗೆದಾರ ಪಾಯದಿಂದ ತೆಗೆದ ಎರೆ ಮಣ್ಣನ್ನೇ ತುಂಬಿದ್ದಾನೆ. ಹಾಸಿದ ಶಹಾಬಾದ್ ಫರಸಿ ನಡುವೆ ಕುಸಿದು ಬೆಂಚುಗಳು ಅಲ್ಲಾಡುತ್ತವೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಎದ್ದ ಬಿರುಕಿನಲ್ಲಿ ನನ್ನ ಕಿರುಬೆರಳು ಹೋಗುತ್ತದೆ. ಎಷ್ಟು ಕೆಲಸವಾಯಿತೆಂದು ಅಳೆದು ಬರೆದಿಡುವ ಅಳತೆ ಪುಸ್ತಕ ಇಟ್ಟಿಲ್ಲ, ಬಿಲ್ಲಿನಲ್ಲಿ ಒಂದು ಪೈಸೆ ಹಿಡಿದಿಟ್ಟಿಲ್ಲ, ಪೂರ್ತಿ ಪಾವತಿಯಾಗಿದೆ. ಇನ್ನು ಅವನನ್ನು ಕರೆಸುವುದು ಯಾವುದರ ಬಲದ ಮೇಲೆ?

ಸೇಡಂ, ಚಿತ್ತಾಪುರ, ಜೇವರ್ಗಿ ಎಲ್ಲಿಯೇ ಇರಲಿ, ನಿಮ್ಮ ಶಾಲೆಗೂ ಇಂಥವರು ಬಂದಿದ್ದರೆ ಕಾಗದವನ್ನು ಮೊದಲು ನಿಮ್ಮ ಆಡಿಟರಿಗೆ ತೋರಿಸಿ. ಸಾಲಗಾರ, ಜಾಮೀನುದಾರ ಎಂದಿರುವಲ್ಲಿ ಯಾರ ಹೆಸರಿದೆ ನೋಡಿ. ದುರಸ್ತಿಯಾಗದಿದ್ದರೆ ಕಂತು ನಿಲ್ಲುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಖಾಲಿ ಚೆಕ್ ಕೊಡಬೇಡಿ. ಕಟ್ಟಡದ ಹಣಕ್ಕೆ ಬೇರೆ ಖಾತೆ ತೆಗೆಯಿರಿ, ಆ ಖಾತೆಯ ಮೇಲೆ ಯಾರಿಗೂ ಕಂತಿನ ಅನುಮತಿ ಕೊಡಬೇಡಿ.