ಪೌರತ್ವದ ಕಡತ ನಿಂತಾಗ: ನೀವೇ ದಾವೆ ಹೂಡುವುದೋ, ವಕೀಲರನ್ನು ಹಿಡಿಯುವುದೋ?

ಅಮೆರಿಕದ ಪೌರತ್ವಕ್ಕೆ ಸಂದರ್ಶನ ಮುಗಿದಿದೆ. ಕೇಳಿದಾಗಲೆಲ್ಲ ‘ಹಿನ್ನೆಲೆ ತಪಾಸಣೆ ಬಾಕಿ’ ಎಂಬ ಒಂದೇ ಉತ್ತರ. ಸಂದರ್ಶನವಾಗಿ 120 ದಿನ ಕಳೆದರೂ ತೀರ್ಮಾನ ಬಾರದಿದ್ದರೆ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೋಗುವ ಹಕ್ಕು ಅರ್ಜಿದಾರರಿಗಿದೆ.

ಸ್ವತಃ ಹೋದರೆ ಖರ್ಚು 405 ಡಾಲರ್ ಶುಲ್ಕ ಮತ್ತು ಅಂಚೆ ವೆಚ್ಚ. ವಕೀಲರಾದರೆ ಅದರ ಹಲವು ಪಟ್ಟು. ದಾವೆಯ ಸಂಗತಿ ಸರಳ: ಕೆಲವು ದಿನಾಂಕ, ಕೆಲವು ಪತ್ರ. ಜನ ಎಡವುವುದು ಸಮನ್ಸ್ ತಲುಪಿಸುವಲ್ಲಿ. ಅರ್ಜಿ ಹಿಡಿದುಕೊಂಡಿರುವ ವಲಸೆ ಇಲಾಖೆಗೆ ಕಳುಹಿಸಿದರೆ ಸಾಲದು. ಆ ಜಿಲ್ಲೆಯಲ್ಲಿ ಸರ್ಕಾರದ ಪರ ವಾದಿಸುವ ಸರ್ಕಾರಿ ಅಟಾರ್ನಿಗೂ ವಾಷಿಂಗ್ಟನ್‌ನ ಅಟಾರ್ನಿ ಜನರಲ್‌ಗೂ ಪ್ರತಿ ಹೋಗಬೇಕು. ಅದನ್ನು ನೀವೇ ತಲುಪಿಸುವಂತಿಲ್ಲ. ದಾವೆಯಲ್ಲಿ ಕಕ್ಷಿದಾರರಲ್ಲದ, 18 ತುಂಬಿದ ಗೆಳೆಯರೊಬ್ಬರಿಂದ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ರಸೀದಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಿರಿ. ಸರ್ಕಾರಿ ಅಟಾರ್ನಿಗೆ ಪ್ರತಿ ಮುಟ್ಟಿದ ಮೇಲೆ ಉತ್ತರಿಸಲು ಸರ್ಕಾರಕ್ಕೆ 60 ದಿನಗಳಿವೆ.

ವಕೀಲರ ಬೆಲೆ ತಿಳಿಯುವುದು ಸರ್ಕಾರ ದಾವೆಯನ್ನೇ ವಜಾ ಮಾಡಿ ಎಂದು ಕೇಳಿದಾಗ. ಗೆದ್ದರೆ ಅವರ ಶುಲ್ಕವನ್ನು ಸರ್ಕಾರದಿಂದ ಪಡೆಯಲು ಕೆಲವೊಮ್ಮೆ ದಾರಿಯಿದೆ. ನಿಮ್ಮ ಸ್ವಂತ ದುಡಿಮೆಗೆ ಆ ದಾರಿಯಿಲ್ಲ.

120 ದಿನ ದಾಟಿದ, ಕಪ್ಪುಚುಕ್ಕೆಯಿಲ್ಲದ ಕಡತವಾದರೆ ಧೈರ್ಯವಾಗಿ ಸ್ವತಃ ಹೂಡಿ ಎನ್ನುತ್ತೇನೆ. ಹಳೆಯ ಬಂಧನವೋ ತೆರಿಗೆ ಬಾಕಿಯೋ ಇದ್ದರೆ ಸಾಲ ಮಾಡಿಯಾದರೂ ವಕೀಲರನ್ನು ಹಿಡಿಯಿರಿ. ಸಂದರ್ಶನವೇ ಆಗಿಲ್ಲದವರಿಗೂ ಇದೇ ಮಾತು: ಅವರಿಗೆ 120 ದಿನಗಳ ಆಸರೆ ಇಲ್ಲ, ವಿಳಂಬ ಅಸಮಂಜಸವೆಂದು ವಾದಿಸಿಯೇ ಗೆಲ್ಲಬೇಕು.